ಅಣ್ಣನ ಕಾಲು

ಜೂನ್ 3

ಅಣ್ಣನಿಗೆ,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ಆ ಕಿವಿಗೆ ಒಂದು ಯಂತ್ರ ಹಾಕಿಸಿಕೋ ಎಂದರೆ ಕೇಳುವವನಲ್ಲ ನೀನು. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಸ್ಪ್ಯಾನರ್ ಕೆಳಗಿಡು.

ನಾಲ್ಕು ವರ್ಷದಿಂದ ನಾವು ಒದ್ದಾಡುತ್ತಿದ್ದ ಹಬ್ ಕೊನೆಗೂ ತಯಾರಾಗಿದೆ. ಸೈಕಲ್ಲಿನ ಹಿಂದಿನ ಚಕ್ರದ ನಡುವಿನ ಗುಂಬದೊಳಗೇ ಐದು ಗೇರು, ಬೆರಳುದ್ದದ ಒಂದು ಮೋಟಾರು. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡಿಕೊಂಡು ಅದು ತಾನೇ ಗೇರು ಬದಲಾಯಿಸುತ್ತದೆ. ಹ್ಯಾಂಡಲ್ ಮೇಲೆ ಗುಂಡಿಯಿಲ್ಲ, ಕಡ್ಡಿಯಿಲ್ಲ. ತುಳಿದರಾಯಿತು. ಪಂದ್ಯ ಓಡುವವರಿಗಲ್ಲ ಇದು. ಕೆಲಸಕ್ಕೆ, ಅಂಗಡಿಗೆ ಹೋಗಿ ಬರುವವರಿಗೆ. ಗೇರು ಅಂದರೆ ಏನೆಂದು ಗೊತ್ತಿಲ್ಲದವರಿಗೆ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲದವರಿಗೆ.

ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇದಕ್ಕೆ ಕೈಹಾಕಿದೆ ಎಂದು ನಿನಗೆ ಹೇಳಬೇಕಿಲ್ಲ. ಅಕ್ಕ ಇಪ್ಪತ್ತು ವರ್ಷದಿಂದ ಒಂದೇ ಗೇರಿನಲ್ಲಿ ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಿದ್ದಾಳೆ. ರೈಲ್ವೆ ಸೇತುವೆಯ ಏರು ಬಂದ ಕೂಡಲೇ ಇಳಿದು ತಳ್ಳುತ್ತಾಳೆ. ನೀನು ಕಲಿಸಲು ಹೋದಾಗಲೆಲ್ಲ ಅವಳದು ಒಂದೇ ಮಾತು: "ಎರಡು ಕೈ ಎರಡು ಕಾಲು ನೋಡ್ಕೊಳ್ಳೋದೇ ಸಾಕಾಗಿದೆ ನಂಗೆ. ಆ ಕಡ್ಡೀನೂ ಯಾರು ನೋಡ್ತಾ ಕೂರ್ತಾರೆ?" ನಮ್ಮಿಬ್ಬರನ್ನು ಸಾಕಿದ ಮಂಡಿ ಅದು. ಈಗ ಐವತ್ತೆಂಟು ವರ್ಷ ಅದಕ್ಕೆ.

ವಿಷಯಕ್ಕೆ ಬರುತ್ತೇನೆ. ಕಾರ್ಖಾನೆ ಇರುವ ಊರು ತಟ್ಟೆಯ ಹಾಗೆ ಸಮ. ಇಲ್ಲಿ ಆರು ಜನ ಸಾಮಾನ್ಯ ಸವಾರರು ಸಮರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದಾರೆ. ಏರಿನ ಪರೀಕ್ಷೆಗೆ ಒಬ್ಬರು ಬೇಕು, ಮೂರು ತಿಂಗಳು. ನಿಮ್ಮ ಸೇತುವೆಗಿಂತ ಒಳ್ಳೆಯ ಏರು ಎಲ್ಲಿದೆ? ನಿನ್ನ ಹೆಸರು ಕೊಟ್ಟಿದ್ದೇನೆ. ರಿಪೇರಿ ಕೆಲಸದವರನ್ನು ತೆಗೆದುಕೊಳ್ಳಬಾರದೆಂದು ನಿಯಮವಿದೆ. ಅರ್ಜಿಯಲ್ಲಿ ಕಸುಬು ಎಂಬಲ್ಲಿ 'ಅಂಗಡಿ ಇಟ್ಟುಕೊಂಡಿದ್ದಾರೆ' ಎಂದಷ್ಟೇ ಬರೆದೆ. ಸುಳ್ಳೇನೂ ಅಲ್ಲವಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ನನಗೆ ಗೊತ್ತಿರುವುದು ನೀನೊಬ್ಬನೇ.

ಒಂದೇ ಷರತ್ತು. ಏನೂ ಗೊತ್ತಿಲ್ಲದವನ ಹಾಗೆ ತುಳಿ. ಪೆಡಲಿನೊಳಗೆ ಕಾಲಿನ ಒತ್ತಡ ಅಳೆಯುವ ಬಿಲ್ಲೆಯಿದೆ, ಅದು ಎಲ್ಲವನ್ನೂ ಬರೆದುಕೊಳ್ಳುತ್ತದೆ.

ನಿನ್ನ ತಂಗಿ,
ಗೋಲಿ


ಜೂನ್ 21

ಗೋಲಿಗೆ,

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಪೆಟ್ಟಿಗೆ ಬಂತು. ಬಿಚ್ಚಿ, ಜೋಡಿಸಿ, ಅಂಗಡಿ ಮುಂದೆ ನಿಲ್ಲಿಸಿದೆ. ಬಂದುಹೋಗುವವರೆಲ್ಲ ಹಿಂದಿನ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿ ಹೋಗುತ್ತಿದ್ದಾರೆ.

ನಲವತ್ತು ವರ್ಷ ಇದೇ ಗ್ರೀಸಿನಲ್ಲಿ ಕೈಯಿಟ್ಟವನಿಗೆ ಏನೂ ಗೊತ್ತಿಲ್ಲದವನ ಹಾಗೆ ತುಳಿ ಎನ್ನುತ್ತೀಯಲ್ಲ, ನಿನ್ನ ಕಾರ್ಖಾನೆಯ ಬುದ್ಧಿಗೆ ಏನು ಹೇಳಲಿ. ಆದರೂ ಪ್ರಯತ್ನಪಟ್ಟೆ. ಬೆಳಿಗ್ಗೆ ಏಳು ಸಲ, ಮಧ್ಯಾಹ್ನ ಏಳು ಸಲ ಸೇತುವೆ ಹತ್ತಿ ಇಳಿಯುತ್ತೇನೆ. ಕೂತು ತುಳಿಯುತ್ತೇನೆ, ನಿಂತು ತುಳಿಯುತ್ತೇನೆ, ನೀನು ಕಳಿಸಿದ ಮರಳುಚೀಲ ಹಿಂದೆ ಕಟ್ಟಿಕೊಂಡು ತುಳಿಯುತ್ತೇನೆ. ಏರಿನಲ್ಲಿ ಹನ್ನೊಂದು ದೀಪದ ಕಂಬಗಳಿವೆ. ಮೂರನೆಯದರ ಹತ್ತಿರ ಒಂದು ಗೇರು ಇಳಿಯುತ್ತದೆ, ಆರನೆಯದರ ಹತ್ತಿರ ಇನ್ನೊಂದು. ನಿಜ ಹೇಳಲೇ? ಹೊಟ್ಟೆಕಿಚ್ಚಾಯಿತು. ಗೇರು ಬದಲಾದದ್ದೇ ತಿಳಿಯುವುದಿಲ್ಲ, ನೀರು ಕುಡಿದಷ್ಟು ಸಲೀಸು. ನಿನ್ನ ಅಚ್ಚುಹಾಕಿದ ಹಾಳೆಯಲ್ಲಿ ದಿನವೂ ತುಂಬುತ್ತಿದ್ದೇನೆ. ಜರ್ಕ್ ಇದೆಯೇ? ಇಲ್ಲ. ಕಾಲು ಜಾರಿತೇ? ಇಲ್ಲ.

ಅಕ್ಕ ಕಿಟಕಿಯಿಂದ ನೋಡಿ ನಗುತ್ತಾಳೆ. "ಅರವತ್ತರ ಹತ್ರ ಬಂದ್ಮೇಲೆ ಸೇತುವೆ ಹತ್ತೋ ಹುಚ್ಚು ಹಿಡೀತಾ ನಿಂಗೆ?" ಎನ್ನುತ್ತಾಳೆ. ಅವಳಿಗಾಗಿಯೇ ಮಾಡಿದ್ದು ಎಂದು ನಾನು ಇನ್ನೂ ಬಾಯಿಬಿಟ್ಟಿಲ್ಲ. ಬೇರಿಂಗಿನ ಗೋಲಿ ನುಂಗಿ, ಮೂರು ದಿನ ಮನೆಮಂದಿಯನ್ನೆಲ್ಲ ಪಾಯಖಾನೆಯ ಬಾಗಿಲಲ್ಲಿ ಕಾಯಿಸಿದ ಹುಡುಗಿ ಇಂಥದ್ದೊಂದನ್ನು ಮಾಡಿದಳಲ್ಲ ಎಂದು ನನ್ನೊಳಗೇ ಹೇಳಿಕೊಂಡು ಓಡಾಡುತ್ತಿದ್ದೇನೆ.

ಇಂತಿ,
ಅಣ್ಣ


ಆಗಸ್ಟ್ 8

ಅಣ್ಣನಿಗೆ,

ನಿನ್ನ ಪೆಡಲಿನ ಲೆಕ್ಕವೆಲ್ಲ ಬಂತು. ಏಳುನೂರು ಸಲ ಸೇತುವೆ ಹತ್ತಿದ್ದೀಯ, ಒಂದು ಸಲವೂ ಜರ್ಕ್ ಇಲ್ಲ. ಕಾರ್ಖಾನೆಯ ದೊಡ್ಡವರು ಆ ಒತ್ತಡದ ಗೆರೆಗಳನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ತೋರಿಸಿದರು.

ಒಂದೇ ಒಂದು ಸಂಶಯ. ಗೇರು ಬದಲಾಗುವ ಹೊತ್ತಿಗೆ ನಿನ್ನ ಒತ್ತಡದ ಗೆರೆ ಸ್ವಲ್ಪ ಕೆಳಗಿಳಿದು ಮತ್ತೆ ಏರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಕೂಡ ಇಲ್ಲ. ಹಬ್ ತಾನೇ ಹಾಗೆ ಭಾರ ಇಳಿಸಿಕೊಳ್ಳುತ್ತಿದೆ, ಅದು ಒಳ್ಳೆಯದೇ ಎನ್ನುತ್ತಾರೆ ಇಲ್ಲಿಯವರು. ಇರಬಹುದು. ಆದರೂ ಕೇಳುತ್ತೇನೆ: ಗೇರು ಬೀಳುವಾಗ ನೀನು ಕಾಲು ಸಡಿಲ ಬಿಡುತ್ತೀಯಾ? ಬಿಡುತ್ತಿದ್ದರೆ ಹೇಳು, ನಾಚಿಕೆಪಡಬೇಕಾದ್ದಿಲ್ಲ. ಸಾಮಾನ್ಯ ಸವಾರರು ಬಿಡುವುದಿಲ್ಲ, ಅದಕ್ಕೇ ಕೇಳಿದೆ. ಕಾಲಿನ ಭಾರವೆಲ್ಲ ಪೆಡಲಿನ ಮೇಲಿದ್ದಾಗ ಗೇರು ಬದಲಾದರೆ ಒಳಗಿನ ಹಲ್ಲು ತಕ್ಷಣ ಕಚ್ಚದೆ, ಪೆಡಲು ಅರ್ಧ ಸುತ್ತು ಖಾಲಿ ಹೋಗುವ ಸಾಧ್ಯತೆ ಇದೆ.

ಬೇಗ ಉತ್ತರ ಬರೆ. ಅಕ್ಟೋಬರಿಗೆ ಮಾರುಕಟ್ಟೆಗೆ ಬಿಡಬೇಕೆಂದು ದೊಡ್ಡವರು ಕುತ್ತಿಗೆ ಮೇಲೆ ಕೂತಿದ್ದಾರೆ.

ಗೋಲಿ


ಆಗಸ್ಟ್ 12

ಗೋಲಿಗೆ,

ಇಲ್ಲ.

ನೀನು ಹೇಳಿದ್ದೀಯೆಂದು ಕೋಣದ ಹಾಗೆ ತುಳಿದಿದ್ದೇನೆ. ಸಡಿಲ ಬಿಟ್ಟಿದ್ದರೆ ಬಿಟ್ಟೆ ಎಂದು ಬರೆಯುತ್ತಿದ್ದೆ. ಕಾಲು ನನ್ನದು, ಅದು ಏನು ಮಾಡುತ್ತದೆಂದು ನನಗೆ ಗೊತ್ತಿರುವುದಿಲ್ಲವೇ? ಈ ವಯಸ್ಸಿನಲ್ಲಿ ಏಳುನೂರು ಸಲ ಸೇತುವೆ ಹತ್ತಿಸಿ, ಆಮೇಲೆ ಸುಳ್ಳುಗಾರನ ಹಾಗೆ ವಿಚಾರಣೆ ಮಾಡುತ್ತೀಯಲ್ಲ. ನಿನ್ನ ಗೆರೆಯನ್ನೇ ಕೇಳಿಕೋ ಹೋಗು.

ಬೇಜಾರು ಮಾಡಿಕೊಳ್ಳಬೇಡ. ಮಂಡಿ ನೋಯುತ್ತಿದೆ, ಅದಕ್ಕೇ ಸಿಡುಕು.

ಅಣ್ಣ


ನವೆಂಬರ್ 2

ನನ್ನ ಗೋಲಿಗೆ,

ಅಕ್ಕ ಕಾಗದ ಬರೆಯುವುದೇ ಅಪರೂಪ. ತಪ್ಪಿದ್ದರೆ ನಗಬೇಡ.

ಸೈಕಲ್ ಬಂತು. ಬಣ್ಣ ನಾನು ಕೇಳಿದ ನೀಲಿಯೇ. ಅಣ್ಣ ಈಗ ಹೇಳಿದ, ನೀನು ಇದನ್ನು ಯಾರನ್ನು ನೆನೆಸಿಕೊಂಡು ಮಾಡಿದೆ ಎಂದು. ಹೇಳಿಬಿಟ್ಟು ಮುಖ ಆ ಕಡೆ ತಿರುಗಿಸಿ ಚೈನಿಗೆ ಎಣ್ಣೆ ಬಿಡುತ್ತಾ ನಿಂತ. ನಾನು ಒಳಗೆ ಹೋಗಿ ಸ್ವಲ್ಪ ಅತ್ತು ಬಂದೆ.

ಸೋಮವಾರ ಸೇತುವೆ ಮೇಲೆ ಇಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಕೂತುಕೊಂಡೇ ನಿಧಾನವಾಗಿ ಹತ್ತಿದೆ. ಮೇಲೆ ಹೋದಾಗ ಕೆಳಗೆ ರೈಲು ಹೋಗುತ್ತಿತ್ತು. ತಳ್ಳುವಾಗ ಯಾವತ್ತೂ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದೆನಲ್ಲ, ಅಲ್ಲಿಂದ ಊರು ಇಷ್ಟು ದೂರ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿಯ ಹೆಂಗಸರು ಚಪ್ಪಾಳೆ ಹೊಡೆದರು. ಮೇಲ್ವಿಚಾರಕಿ, "ಏನಮ್ಮಾ, ಇವತ್ತು ಹತ್ತು ನಿಮಿಷ ಮುಂಚೆ?" ಎಂದಳು. ನನ್ನ ತಂಗಿ ಮಾಡಿದ ಗೇರು ಎಂದು ಹೇಳಿದೆ. ಯಾರೂ ಕೇಳದಿದ್ದರೂ ಇನ್ನೂ ನಾಲ್ಕು ಜನಕ್ಕೆ ಹೇಳಿದೆ.

ಚಳಿಗೆ ಕಿವಿ ಮುಚ್ಚಿಕೋ.

ಅಕ್ಕ


ಡಿಸೆಂಬರ್ 6

ಗೋಲಿಗೆ,

ವಾರ್ಡಿನ ನರ್ಸ್ ನಿನಗೆ ಫೋನ್ ಮಾಡಿದ್ದಾಳಂತೆ. ಈ ಕಾಗದ ತಲುಪುವ ಮೊದಲೇ ನೀನು ಇಲ್ಲಿಗೆ ಬಂದಿರುತ್ತೀಯ. ಆದರೂ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತರೆ ತಲೆ ಕೆಟ್ಟುಹೋಗುತ್ತದೆ.

ಅಕ್ಕ ನಿನ್ನೆ ಬೆಳಿಗ್ಗೆ ಸೇತುವೆಯ ಏರಿನಲ್ಲಿ ಬಿದ್ದಳು, ಮೂರನೆಯ ಕಂಬದ ಹತ್ತಿರ. ಎದುರುಗಾಳಿ ಜೋರಾಗಿತ್ತು, ಸೀಟು ಬಿಟ್ಟು ನಿಂತು ತುಳಿಯುತ್ತಿದ್ದಳಂತೆ. ಹಿಂದೆ ಬರುತ್ತಿದ್ದ ಹಾಲಿನ ಲಾರಿಯವನು ಬ್ರೇಕ್ ಒತ್ತಿ ನಿಲ್ಲಿಸಿದ. ಇಲ್ಲದಿದ್ದರೆ ನಾನು ಬರೆಯಬೇಕಾದ ಕಾಗದವೇ ಬೇರೆ ಇರುತ್ತಿತ್ತು. ಅವನು ಹೇಳಿದ್ದು ಇದು: "ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟಂಗೆ ಆಯ್ತು ಸಾರ್. ಕಾಲು ಸರ್ರಂತ ಕೆಳಗೆ ಹೋಯ್ತು, ಅಮ್ಮ ಪಕ್ಕಕ್ಕೆ ಬಿದ್ರು." ಸೊಂಟದ ಮೂಳೆ ಮುರಿದಿದೆ, ಬಲ ಮಣಿಕಟ್ಟೂ ಮುರಿದಿದೆ. ಹುಬ್ಬಿನ ಮೇಲೆ ಮೂರು ಹೊಲಿಗೆ.

ಸೈಕಲನ್ನು ಅಂಗಡಿಗೆ ತಂದು ಮುಂಚಕ್ರ ಹಿಡಿಯುವ ಫೋರ್ಕ್ ಬದಲಾಯಿಸಿ ಇವತ್ತು ಹನ್ನೆರಡು ಸಲ ಸೇತುವೆ ಹತ್ತಿದೆ. ಕೂತು, ನಿಂತು, ಸಿಟ್ಟಿನಿಂದ, ಎಲ್ಲ ರೀತಿಯಲ್ಲೂ. ನಿನ್ನ ಹಬ್‌ನಲ್ಲಿ ಎಳ್ಳಷ್ಟೂ ದೋಷವಿಲ್ಲ. ಅಕ್ಕನೂ ಅದನ್ನೇ ಹೇಳುತ್ತಿದ್ದಾಳೆ. "ನಾನೇ ಏನೋ ಎಡವಟ್ಟು ಮಾಡ್ಕೊಂಡೆ ಕಣೋ. ಗೋಲಿಗೆ ಹೇಳ್ಬೇಡ, ನೊಂದ್ಕೋತಾಳೆ."

ಹೇಳಬೇಡ ಎಂದದ್ದನ್ನೂ ಹೇಳಿಬಿಟ್ಟೆ.

ಅಣ್ಣ


ಡಿಸೆಂಬರ್ 16

ಅಣ್ಣನಿಗೆ,

ಎರಡು ದಿನ ಇದ್ದೂ ನಿನ್ನ ಜೊತೆ ಸರಿಯಾಗಿ ಮಾತಾಡದೆ ಬಂದೆ. ಅಕ್ಕನ ಮಂಚದ ಕಂಬಿ ಹಿಡಿದುಕೊಂಡು ನಿಂತದ್ದಷ್ಟೇ ನೆನಪಿದೆ. ಅವಳು ನನಗೇ ಸಮಾಧಾನ ಹೇಳುತ್ತಿದ್ದಳು.

ಬರುವ ಸೋಮವಾರ ಕಾರ್ಖಾನೆಯಿಂದ ತನಿಖೆಯವರು ಬರುತ್ತಾರೆ. ಸೈಕಲನ್ನು ಅವರಿಗೆ ತೋರಿಸು. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅಂಗಡಿಯ ವಿಷಯ ಎತ್ತಿದರೆ ಅಂಗಡಿ ಇದೆ ಎನ್ನು, ವಿಸ್ತಾರ ಬೇಡ. ಅವರು ಅಕ್ಕನ ಹೇಳಿಕೆಯನ್ನೂ ತೆಗೆದುಕೊಳ್ಳಬಹುದು.

ಈ ಕಾಗದ ಆಫೀಸಿನ ಕಾಗದದ ಹಾಗಿದೆ, ನನಗೇ ಗೊತ್ತು. ಇಡೀ ದಿನ ವರದಿ ಬರೆದು ಬರೆದು ಕೈ ಹೀಗಾಗಿದೆ.

ಗೋಲಿ


ಜನವರಿ 4

ಗೋಲಿಗೆ,

ಕೂತುಕೊಂಡು ಓದು.

ನಿನ್ನ ತನಿಖೆಯವನು ಬಂದು, ನನ್ನನ್ನೇ ಸೈಕಲ್ ಹತ್ತಿಸಿ, ಸೇತುವೆ ಮೇಲೆ ಮೂರು ಸಲ ಓಡಿಸಿ, "ಎಲ್ಲ ಸರಿಯಾಗಿದೆ" ಎಂದು ಬರೆದುಕೊಂಡು ಹೋದ. ಅವನು ಹೋದ ಮೇಲೂ ನನಗೆ ಲಾರಿಯವನ ಮಾತು ಬಿಡಲಿಲ್ಲ. ಹನ್ನೆರಡು ಸಲ ಹತ್ತಿದರೂ ನನಗೆ ಸಿಗದ ಖಾಲಿ ಮೆಟ್ಟಿಲು ಅಕ್ಕನಿಗೆ ಹೇಗೆ ಸಿಕ್ಕಿತು?

ನಿನ್ನ ಕಾಗದಗಳನ್ನು ತಂದುಕೊಡುವ ಅಂಚೆಯಾಕೆ ಗೊತ್ತಲ್ಲ, ದಪ್ಪಗೆ, ಗಟ್ಟಿಯಾಗಿದ್ದಾಳೆ. ದಿನಾ ಸೈಕಲ್ ಮೇಲೇ ಬಟವಾಡೆ. ನಿನ್ನೆ ಅವಳನ್ನು ಕೇಳಿಕೊಂಡೆ, ಒಂದು ಸಲ ಇದನ್ನು ಸೇತುವೆ ಹತ್ತಿಸಿ ಕೊಡಮ್ಮಾ ಎಂದು. ತಲೆಗೆ ಹೆಲ್ಮೆಟ್ ಹಾಕಿಸಿ, ಪಕ್ಕದಲ್ಲಿ ನಾನು ಹ್ಯಾಂಡಲ್ ಹಿಡಿಯುವಷ್ಟು ಹತ್ತಿರ ಓಡಿದೆ. ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ನಿಂತು ತುಳಿ ಎಂದೆ. ಮೂರನೆಯ ಕಂಬದ ಹತ್ತಿರ ಪೆಡಲು ಖಾಲಿ ಬಿತ್ತು. ಅವಳ ತೋಳು ಹಿಡಿದಿದ್ದರಿಂದ ಬಚಾವಾದಳು. "ಅಯ್ಯೋ ನಿಮ್ಮ, ಕೊಲ್ಲೋಕೆ ಕರ್ಕೊಂಡ್ ಬಂದ್ರಾ ನನ್ನ?" ಎಂದು ರಸ್ತೆಯಲ್ಲೇ ಕೂತುಬಿಟ್ಟಳು.

ಆಮೇಲೆ ನಾನು ಹತ್ತಿದೆ. ನನ್ನ ಕಾಲನ್ನೇ ನೋಡುತ್ತಾ ಪಕ್ಕದಲ್ಲಿ ಬಾ ಎಂದೆ. ಏರು ಮುಗಿಯುವಷ್ಟರಲ್ಲಿ ಅವಳು ಹೇಳಿದಳು: "ಗೇರು ಬೀಳೋಕೆ ಮುಂಚೆ ನಿಮ್ಮ ಕಾಲು ಹಗುರ ಆಗುತ್ತೆ ರೀ. ಪ್ರತಿ ಸಲಾನೂ. ಮಲಗಿರೋ ಬೆಕ್ಕನ್ನ ದಾಟೋವಾಗ ಮಾಡ್ತೀವಲ್ಲ, ಹಂಗೆ." ನಾನು ನಂಬಲಿಲ್ಲ. ಇನ್ನೊಂದು ಸಲ ಹತ್ತಿದೆ. ಈ ಸಲ ಹಠ ಹಿಡಿದು ಕಾಲನ್ನು ಒತ್ತಿಯೇ ಇಡುತ್ತೇನೆ ಎಂದುಕೊಂಡೆ. ಆಗಲಿಲ್ಲ ಗೋಲಿ. ಮೋಟಾರು ತಿರುಗುವ ಮುಂಚೆ ಪೆಡಲಿನಲ್ಲಿ ಒಂದು ಸಣ್ಣ ನಡುಕ ಬರುತ್ತದೆ. ನನಗೆ ಅದು ಗೊತ್ತಾಗುವುದೇ ಇಲ್ಲ. ನನ್ನ ಕಾಲಿಗೆ ಗೊತ್ತಾಗುತ್ತದೆ. ನನ್ನನ್ನು ಕೇಳದೆ ಅದು ಸಡಿಲ ಬಿಡುತ್ತದೆ. ಗೇರು ಬದಲಾಯಿಸುವಾಗ ಕಾಲು ಸಡಿಲ ಬಿಡಿ, ಸಡಿಲ ಬಿಡಿ ಎಂದು ನಲವತ್ತು ವರ್ಷ ಗಿರಾಕಿಗಳಿಗೆಲ್ಲ ಹೇಳಿದವನು ನಾನು.

ಏಳುನೂರು ಸಲ ಹತ್ತಿದ್ದೂ ಸುಳ್ಳು. ದಿನಾ ಹಾಳೆಯಲ್ಲಿ ಇಲ್ಲ, ಇಲ್ಲ ಎಂದು ಬರೆದದ್ದೂ ಸುಳ್ಳು. ಆಗಸ್ಟಿನಲ್ಲಿ ನೀನು ಸರಿಯಾಗಿಯೇ ಕೇಳಿದೆ. ನಾನು ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದೆ. ಅಕ್ಕನ ಸೊಂಟ ಮುರಿದದ್ದು ನಾನು.

ಆ ಸೈಕಲ್‌ಗಳನ್ನೆಲ್ಲ ವಾಪಸ್ ತರಿಸು. ನನ್ನ ಹೆಸರು ಹೇಳು, ಅಂಗಡಿ ಯಾವುದೆಂದೂ ಹೇಳು. ನಾಳೆಯೇ ಹೇಳು.

ಅಣ್ಣ


ಜನವರಿ 12

ಗೋಲಿ,

ಕೈಗೆ ಪ್ಲಾಸ್ಟರ್ ಇದೆಯಲ್ಲ, ನರ್ಸಮ್ಮನ ಕೈಯಲ್ಲಿ ಬರೆಸ್ತಾ ಇದೀನಿ. ಪಾಪ, ಅವರ ಊಟದ ಬಿಡುವಿನಲ್ಲಿ ಕೂತು ಬರೀತಿದಾರೆ.

ಅಣ್ಣ ಮಂಕಾಗಿದಾನೆ. ಏನೋ ಕಾಲು, ಕಾಲು ಅಂತಾನೆ. ನಂಗೆ ಅರ್ಥ ಆಗಲ್ಲ. ಅವನಿಗೆ ಯಾವಾಗ್ಲೂ ಎಲ್ಲಾದರ ಹೊಣೆ ತಾನೇ ಹೊತ್ಕೋಬೇಕು. ನೀನು ಅವನ ಮಾತು ಕೇಳಿ ಏನೂ ಮಾಡಕ್ಕೆ ಹೋಗ್ಬೇಡ.

ನಿಮ್ಮ ಕಾರ್ಖಾನೆಯವರು ಮತ್ತೆ ಬಂದಿದ್ರು. ತುಂಬಾ ಮರ್ಯಾದಸ್ಥರು, ಹೂವು ತಂದಿದ್ರು. ಒಂದು ಕಾಗದ ಓದಿ ಹೇಳಿದ್ರು. ನಾನೇ ಜಾಗ್ರತೆ ಇಲ್ದೆ ತುಳಿದೆ, ಸೈಕಲ್ಲಿನದೇನೂ ತಪ್ಪಿಲ್ಲ ಅಂತ. ಇದ್ರಿಂದ ನನ್ನ ತಂಗಿಗೆ ಒಳ್ಳೇದಾಗುತ್ತಾ ಅಂತ ಕೇಳ್ದೆ. ಖಂಡಿತ ಆಗುತ್ತೆ ಅಂದ್ರು. ಎಡಗೈಯಲ್ಲಿ ಸಹಿ ಹಾಕ್ದೆ. ಸೊಟ್ಟ ಬಂತು, ಆದ್ರೂ ನಡಿಯುತ್ತಂತೆ. ಇನ್ನು ನಿನ್ನ ಕೆಲಸಕ್ಕೆ ಏನೂ ಆಗಲ್ಲ. ನಾನು ನಿಂಗೆ ಮಾಡಿಕೊಟ್ಟಿದ್ದು ಅಂತ ಇದೊಂದಾದ್ರೂ ಇರ್ಲಿ. ನೀನು ಈಗ ಹೋಗಿ ಬೇರೆ ಏನಾದ್ರೂ ಹೇಳಿದ್ರೆ ನಾನು ಸುಳ್ಳು ಸಹಿ ಹಾಕಿದ ಹಾಗಾಗುತ್ತೆ. ಹಾಗೆ ಮಾಡಲ್ಲ ಅಂತ ಬರೆದು ಕಳಿಸು.

ನಂಗೆ ಗೇರು ಯಾವತ್ತೂ ಬರ್ಲಿಲ್ಲ ಕಣೆ. ನೀನು ಅಷ್ಟು ಸುಲಭ ಮಾಡಿಕೊಟ್ರೂ ಬರ್ಲಿಲ್ಲ. ಅದಕ್ಕೆ ನೀನೇನು ಮಾಡ್ತೀಯ?

ಅಕ್ಕ

(ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಮೂರು ದಿನದಿಂದ ಜ್ವರವಿದೆ, ಉಸಿರಿಗೂ ಕಷ್ಟವಾಗುತ್ತಿದೆ. ಅದನ್ನು ಬರೆಯಬೇಡಿ ಎಂದರು. — ವಾರ್ಡ್ ನರ್ಸ್)


ಜನವರಿ 30

ಅಣ್ಣನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನೀನು ಎರಡು ಸಲ ತಂತಿಯ ಹಾಗೆ ನಾಲ್ಕು ನಾಲ್ಕು ಪದದ ಕಾರ್ಡು ಹಾಕಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಅಕ್ಕನ ಕಾಗದ ತೆಗೆದು ಓದಿ ಮಡಿಸಿಟ್ಟೆ.

ನಿನಗೊಂದು ವಿಷಯ ಹೇಳಬೇಕು. ಆಗಸ್ಟಿನಲ್ಲಿ ನೀನು ಇಲ್ಲ ಎಂದು ಬರೆದಾಗ ನಾನು ಪೂರ್ತಿ ನಂಬಲಿಲ್ಲ. ನಿನ್ನ ಕೈಗಳನ್ನು ನೋಡುತ್ತಾ ಬೆಳೆದವಳು ನಾನು. ಚಕ್ರ ಬಿಗಿಯುವಾಗ ನೀನು ಕಣ್ಣುಮುಚ್ಚಿಕೊಂಡು ಸರಿಯಾದ ಸ್ಪೋಕ್ ಕಡ್ಡಿಗೇ ಕೈಹಾಕುವುದನ್ನು ನೋಡಿದ್ದೇನೆ. ನಿನ್ನ ಕಾಲಿಗೂ ಅಂಥ ಬುದ್ಧಿ ಇರಬಹುದೆಂದು ಹೊಳೆದಿತ್ತು. ಆದರೆ ನಿನ್ನ 'ಇಲ್ಲ' ಸಿಕ್ಕಿದ್ದೇ ಸಾಕಾಗಿತ್ತು ನನಗೆ. ಅದನ್ನು ಕಡತದಲ್ಲಿಟ್ಟು ದಾರ ಕಟ್ಟಿದೆ. ಇನ್ನೊಬ್ಬರನ್ನು ಹುಡುಕಿ ಪರೀಕ್ಷೆ ಮಾಡಿಸಿದ್ದರೆ ಎರಡು ತಿಂಗಳು ತಡವಾಗುತ್ತಿತ್ತು, ಅಷ್ಟೇ. ರಿಪೇರಿಯವನನ್ನು ಅಂಗಡಿಯವನು ಎಂದು ಬರೆದದ್ದೂ ಹೊರಬರುತ್ತಿತ್ತು. ಅಕ್ಕನ ಸೊಂಟ ಮುರಿದದ್ದು ನೀನಲ್ಲ.

ಕಳೆದ ವಾರ ದೊಡ್ಡವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಮೇಜಿನ ಖಾನೆಯಿಂದ ಅಕ್ಕನ ಸಹಿಯಿದ್ದ ಕಾಗದ ತೆಗೆದು ನನ್ನ ಮುಂದಿಟ್ಟರು. "ನಿಮ್ಮಕ್ಕನೇ ಬರೆದುಕೊಟ್ಟಿದ್ದಾರಲ್ಲಮ್ಮಾ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದರು. ಏಪ್ರಿಲ್‌ನಲ್ಲಿ ಹೊಸ ಹಬ್ ಬರುತ್ತದೆ, ಅದರಲ್ಲಿ ಸರಿಮಾಡೋಣ, ಅಲ್ಲಿಯವರೆಗೆ ಸುಮ್ಮನಿರಿ ಎಂದರು. ಸೊಟ್ಟ ಸಹಿ ನೋಡುತ್ತಾ ನಿಂತಿದ್ದೆ. ಸರಿ ಎಂದು ಹೇಳಿ ಬಂದೆ.

ಮುನ್ನೂರ ಅರವತ್ತು ಸೈಕಲ್ ಮಾರಾಟವಾಗಿವೆ. ನಮ್ಮ ಸೇತುವೆಯಂಥ ಏರಿನಲ್ಲಿ, ನಿಂತು ತುಳಿದರೆ ಮಾತ್ರ ಹಾಗಾಗುವುದು. ಬೇರೆ ಯಾರೂ ಬಿದ್ದ ಸುದ್ದಿಯಿಲ್ಲ. ಅಕ್ಕ ಎದ್ದು ಕೂರುವವರೆಗಾದರೂ ಕಾಯೋಣ. ಅವಳ ಮಾತು ಮೀರಲು ನನಗೆ ಧೈರ್ಯ ಸಾಲದು. ಧೈರ್ಯವಿಲ್ಲದ್ದಕ್ಕೆ ಅವಳನ್ನು ನೆಪ ಮಾಡಿಕೊಳ್ಳುತ್ತಿದ್ದೇನೋ ಏನೋ, ಅದೂ ತಿಳಿಯುತ್ತಿಲ್ಲ.

ಗೋಲಿ


ಫೆಬ್ರವರಿ 20

ಗೋಲಿಗೆ,

ನೀನು ಹೋದ ಮೇಲೆ ಮನೆ ಗುಡಿಸಿದೆ. ಅಕ್ಕನ ಲಾಂಡ್ರಿಯ ಅಂಗಿಗಳನ್ನು ಅವಳ ಜೊತೆಯವರು ಬಂದು ತೆಗೆದುಕೊಂಡು ಹೋದರು.

ಮಲಗಿದ್ದಲ್ಲೇ ಮಲಗಿ ಎದೆಯಲ್ಲಿ ನೀರು ತುಂಬಿತು ಎಂದು ಡಾಕ್ಟರು ನಿನಗೂ ಹೇಳಿದರಲ್ಲ. ಮಣ್ಣು ಮಾಡಿ ಬರುವಾಗ ದಾರಿಯಲ್ಲೇ ಕೇಳಬೇಕೆಂದಿದ್ದೆ. ಈಗ ಬರೆಯುತ್ತಿದ್ದೇನೆ. ಜನವರಿಯಲ್ಲಿ ನಿನಗೆ ನಾಳೆಯೇ ಹೇಳು ಎಂದು ಬರೆದಿದ್ದೆ. ನೀನು ಅಕ್ಕ ಬೇಡವೆಂದಳು ಎಂದೆ. ಇನ್ನು ಬೇಡವೆನ್ನುವವರು ಯಾರೂ ಇಲ್ಲ. ಯಾರಿಗೆ ಕಾಯುತ್ತಿದ್ದೀಯ?

ನಾನು ದಿನಾ ಬೆಳಿಗ್ಗೆ ಸೇತುವೆಯ ಕೆಳಗೆ ನಿಲ್ಲುತ್ತೇನೆ. ನಿಮ್ಮ ಸೈಕಲ್ ಬಂದರೆ ಕೈ ಅಡ್ಡ ಹಿಡಿದು ನಿಲ್ಲಿಸಿ ಹೇಳುತ್ತೇನೆ, ಏರಿನಲ್ಲಿ ಇಳಿದು ತಳ್ಳಿ ಎಂದು. ಹುಚ್ಚ ಎಂದುಕೊಳ್ಳುತ್ತಾರೆ. ನಮ್ಮೂರಿನಲ್ಲಿ ಇಂಥ ಸೈಕಲ್ ನಾಲ್ಕಿವೆ. ಉಳಿದ ಮುನ್ನೂರ ಚಿಲ್ಲರೆ ಎಲ್ಲಿವೆಯೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತು.

ನಿನ್ನ ಮೇಲೆ ನನಗೆ ತುಂಬಾ ಸಿಟ್ಟಿದೆ. ನನಗೆ ಉಳಿದಿರುವವಳೂ ನೀನೊಬ್ಬಳೇ.

ಅಣ್ಣ


ಮಾರ್ಚ್ 2

ಮಾನ್ಯರೇ,

ನನ್ನ ಪರಿಚಯ ನಿಮಗಿಲ್ಲ. ಕಳೆದ ವರ್ಷದ ಕೊನೆಯಲ್ಲಿ ನೀವು ಕೊಂಡ, ತಾನೇ ಗೇರು ಬದಲಾಯಿಸುವ ಸೈಕಲ್ಲಿನ ಹಬ್ ಮಾಡಿದವಳು ನಾನು. ನಿಮ್ಮ ವಿಳಾಸವನ್ನು ಕಾರ್ಖಾನೆಯ ಪಟ್ಟಿಯಿಂದ, ಕೇಳದೆ, ಬರೆದುಕೊಂಡೆ. ನಿನ್ನೆಯಿಂದ ನಾನು ಅಲ್ಲಿಯ ಕೆಲಸದವಳಲ್ಲ. ಈ ಕಾಗದವನ್ನು ಕಾರ್ಖಾನೆ ಕಳಿಸುತ್ತಿಲ್ಲ.

ದಯವಿಟ್ಟು ಆ ಸೈಕಲನ್ನು ಏರುದಾರಿಯಲ್ಲಿ ಓಡಿಸಬೇಡಿ. ಓಡಿಸಲೇಬೇಕಾದರೆ ಸೀಟಿನಿಂದ ಎದ್ದು ನಿಂತು ತುಳಿಯಬೇಡಿ. ಪೂರ್ತಿ ಭಾರ ಹಾಕಿ ತುಳಿಯುವಾಗ ಗೇರು ಬದಲಾದರೆ ಪೆಡಲು ಒಮ್ಮೆಲೇ ಖಾಲಿ ಹೋಗುತ್ತದೆ, ನೀವು ಬೀಳುತ್ತೀರಿ. ಇದು ನಿಮ್ಮ ತಪ್ಪಿನಿಂದ ಆಗುವುದಲ್ಲ. ಏರಿನ ಪರೀಕ್ಷೆಯನ್ನು ಒಬ್ಬರೇ ಮಾಡಿದರು. ಅವರು ಸೈಕಲ್ ರಿಪೇರಿ ಮಾಡುವವರು, ನನ್ನ ಅಣ್ಣ. ಅವರ ಕಾಲು ಅವರಿಗೇ ಗೊತ್ತಿಲ್ಲದ ಹಾಗೆ ಗೇರು ಬೀಳುವ ಮುಂಚೆ ಸಡಿಲವಾಗುತ್ತದೆ. ನಿಮ್ಮ ಕಾಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರು ರಿಪೇರಿಯವರೆಂಬುದನ್ನು ಮುಚ್ಚಿಟ್ಟವಳು ನಾನು. ಈ ದೋಷ ಇತ್ತೀಚೆಗೆ ಗೊತ್ತಾಯಿತು.

ಈ ಸೈಕಲ್ ಓಡಿಸಿದ ನನ್ನ ಅಕ್ಕ ಬಿದ್ದು, ಹತ್ತು ವಾರ ಮಲಗಿದ್ದು, ತೀರಿಕೊಂಡಳು. ತಾನೇ ತಪ್ಪು ತುಳಿದೆ ಎಂದುಕೊಂಡೇ ಹೋದಳು.

ಮುನ್ನೂರ ಅರವತ್ತು ಕಾಗದಗಳಲ್ಲಿ ಇದು ಇನ್ನೂರ ಹನ್ನೆರಡನೆಯದು. ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದೇನೆ. ಅಚ್ಚು ಹಾಕಿಸಿದರೆ ಜಾಹೀರಾತು ಎಂದುಕೊಂಡು ಓದದೆ ಎಸೆದಾರೆಂಬ ಭಯ. ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಓದಿದ್ದೇವೆ ಎಂದು ಒಂದು ಸಾಲು ಬರೆದರೆ ಉಪಕಾರ.

ತಮ್ಮ ವಿಧೇಯಳು,
ಹಬ್ ಮಾಡಿದವಳು


ಮಾರ್ಚ್ 11

ಅಮ್ಮಾ,

ತಾವು ಮಾರ್ಚ್ 2ರಂದು ಬರೆದ ಪತ್ರ ತಲುಪಿತು. ಅದು ನನ್ನ ಹೆಂಡತಿಗೆ ಬರೆದದ್ದು. ತೆರೆದು ಓದಿದವನು ನಾನು.

ಅವಳು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ನಾವಿರುವುದು ಗುಡ್ಡದ ಮೇಲಿನ ಬಡಾವಣೆಯಲ್ಲಿ. ಈ ಸೈಕಲ್ ಬಂದ ಮೇಲೆ ಬಸ್ಸು ಬಿಟ್ಟಳು. ಫೆಬ್ರವರಿ 24ರಂದು ಮಧ್ಯಾಹ್ನ ಶಾಲೆಯಿಂದ ಬರುವಾಗ, ಮನೆಯ ತಿರುವಿನ ಏರಿನಲ್ಲಿ ಬಿದ್ದಳು. ಹಿಂದೆ ಬಸ್ಸಿತ್ತು. ಚಾಲಕನ ಮೇಲೆ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಒಪ್ಪಿದೆ. ಹಾಗಾದರೆ ತಪ್ಪು ಅವಳದೇ ಇರಬೇಕೆಂದು ಈ ಹದಿನೈದು ದಿನ ನಂಬಿದ್ದೆ. ಗಡಿಬಿಡಿಯವಳು ಅವಳು. ನಿಧಾನವಾಗಿ ಹೋಗು ಎಂದು ದಿನಾ ಹೇಳುತ್ತಿದ್ದೆ. ಅವಳು ಹೋದ ಮೇಲೂ ಮನಸ್ಸಿನಲ್ಲಿ ಅವಳನ್ನು ಬೈಯುತ್ತಿದ್ದೆ. ಅದು ತಪ್ಪೆಂದು ತಿಳಿಸಿದ್ದಕ್ಕೆ ನಿಮಗೆ ಕೃತಜ್ಞ.

ನಿಮ್ಮ ಅಕ್ಕನವರ ವಿಷಯ ಓದಿ ದುಃಖವಾಯಿತು. ಇಷ್ಟು ಕಾಗದಗಳನ್ನು ಕೈಯಲ್ಲಿ ಬರೆಯುವುದು ಸಣ್ಣ ಕೆಲಸವಲ್ಲ, ಅದೂ ನನಗೆ ಗೊತ್ತಾಗುತ್ತದೆ. ನಿಮ್ಮನ್ನು ನೋಯಿಸುವ ಉದ್ದೇಶ ನನಗಿಲ್ಲ.

ಆದರೆ ಈ ದೋಷ ಇತ್ತೀಚೆಗೆ ಗೊತ್ತಾಯಿತು ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದರೂ ನನಗೆ ಮುಂದೆ ಹೋಗಲು ಆಗುತ್ತಿಲ್ಲ. ನಿಮಗೆ ಗೊತ್ತಾದ ದಿನ ಯಾವುದು? ಬೇರೇನೂ ಬೇಡ, ತಾರೀಖೊಂದನ್ನು ಬರೆದು ಕಳಿಸಿ.

ಇಂತು,
ಅವಳ ಗಂಡ